ಒದ್ದೆ ಹಲಗೆಯ ಪರೀಕ್ಷೆ

ಸೌದೆಯ ಶಾಖದಲ್ಲಿ ಹೊಗೆಸೊಪ್ಪು ಒಣಗಿಸಿ ಬೇಯಿಸುವ ಮನೆಗಳನ್ನು, ಅಂದರೆ ಬ್ಯಾರನ್ನುಗಳನ್ನು, ಹೇಗೆ ಕಟ್ಟಬೇಕೆಂದು ನಿಯಮ ಬರೆಯುವ ಸಮಿತಿಯಲ್ಲಿ ನಾನೂ ಒಬ್ಬಳು. ಹೆಸರು ಪುಷ್ಪಾ. ಬಿಳಿಕೆರೆಯಲ್ಲಿ ನನ್ನ ಕಾರ್ಖಾನೆ. ಕೆ.ಆರ್. ನಗರದ ಮಿಲ್ಲುಗಳಿಂದ ಭತ್ತದ ಹೊಟ್ಟು ತಂದು ಒತ್ತಿ, ಒಳಗಿನ ಶಾಖ ಹೊರಗೆ ಹೋಗದಂತೆ ತಡೆಯುವ ಹಲಗೆ ಮಾಡುತ್ತೇನೆ. ಕರಡು ನಿಯಮದ ಅರ್ಧ ಅಂಕಿಗಳು ನನ್ನವೇ. ಜಂಬ ಅನ್ನಿ, ಪರವಾಗಿಲ್ಲ. ಮೂರು ವರ್ಷ ಕಚೇರಿ ಕಚೇರಿ ಅಲೆದವಳಿಗೆ ಅಷ್ಟೂ ಇರಬಾರದೇ? ನಿಯಮ ಹೊರಬಂದರೆ ನನ್ನ ಹಲಗೆಗೆ ಒಪ್ಪಿಗೆಯ ಮುದ್ರೆ ಬೀಳುತ್ತಿತ್ತು. ಹುಣಸೂರು, ಪಿರಿಯಾಪಟ್ಟಣದಲ್ಲಿ ಹೊಸದಾಗಿ ಏಳುವ ಬ್ಯಾರನ್ನುಗಳಿಗೆಲ್ಲ ಅದೇ ಹೋಗುತ್ತಿತ್ತು.

ಕೊನೆಯ ಸಭೆಗೆ ವಾರವಿರುವಾಗ ಸಮಿತಿಯವರನ್ನು ಬೆಟ್ಟದಪುರಕ್ಕೆ ಕರೆದೊಯ್ದೆ. ಅಲ್ಲಿನ ಚಲುವಯ್ಯನವರ ಬ್ಯಾರನ್ನಿನ ಒಳಗೋಡೆಗೆ ಹಿಂದಿನ ವರ್ಷ ನನ್ನ ಹಲಗೆ ಹೊಡೆಸಿದ್ದೆ. ಮೂವತ್ತು ವರ್ಷ ಸೊಪ್ಪು ಬೇಯಿಸಿದ ಕೈ ಅವರದು. ಸೌದೆ ಎಷ್ಟು ಉಳಿಯಿತೆಂದು ಸಮಿತಿಯ ಎಂಜಿನಿಯರ್ ಗೌರೀಶ್ ಕೇಳಿದಾಗ, ಮೊದಲ ವರ್ಷ ಮೂರರಲ್ಲೊಂದು ಪಾಲು ಉಳಿಯಿತು ಎಂದರು. ಎಲ್ಲರೂ ತಲೆದೂಗಿದರು, ಎಳನೀರು ಕುಡಿದರು, ಹೊರಟರು.

ನಾನು ಕಾರು ಹತ್ತುವಷ್ಟರಲ್ಲಿ ಚಲುವಯ್ಯ ಸನ್ನೆ ಮಾಡಿ ಒಳಗೆ ಕರೆದರು. ಹಲಗೆಯ ಮೇಲೆ ಹೆಬ್ಬೆರಳು ಒತ್ತಿದರು. ಟೀಯಲ್ಲಿ ಅದ್ದಿದ ರಸ್ಕಿಗೆ ಇಳಿದ ಹಾಗೆ ಇಳಿಯಿತು.

"ಈ ಸಲ ಸೌದೆ ಹಲಗೆ ಇಲ್ದಾಗಿನಷ್ಟೇ ಇಡೀತದೆ ಕಣವ್ವ. ಆಫೀಸರ್ ಮುಂದೆ ನಿಮ್ಮ ಮರ್ವಾದೆ ಯಾಕೆ ಕಳೀಲಿ ಅಂತ ಸುಮ್ಕಿದ್ದೆ."

ಕಾರಣ ನನಗೇ ಗೊತ್ತಿರಬೇಕಿತ್ತು. ಬೆಂದ ಸೊಪ್ಪು ಮುಟ್ಟಿದರೆ ಪುಡಿಯಾಗುತ್ತದೆ. ಅದಕ್ಕೇ ಇಳಿಸುವ ಮೊದಲು ಬಿಸಿ ನೆಲಕ್ಕೆ ನೀರು ಚಿಮುಕಿಸಿ, ಹಬೆಯಲ್ಲಿ ಎಲೆ ಮೆತ್ತಗಾಗಲು ಬಿಡುತ್ತಾರೆ. ಎಲೆಯ ಜೊತೆ ನನ್ನ ಹಲಗೆಯೂ ಆ ಹಬೆ ಕುಡಿದಿತ್ತು. ನಾವು ಪರೀಕ್ಷೆ ಮಾಡಿದ್ದೆಲ್ಲ ಒಣ ಹಲಗೆಯನ್ನು. ಹೊಗೆಸೊಪ್ಪಿನ ಮನೆಯಲ್ಲೇ ಹುಟ್ಟಿ ಬೆಳೆದವಳಿಗೆ ಇದು ಹೊಳೆಯಲಿಲ್ಲವಲ್ಲ ಎಂದು ಮೈಯೆಲ್ಲ ಉರಿಯಿತು. ದಾರಿಯುದ್ದಕ್ಕೂ ನನ್ನನ್ನೇ ಬೈದುಕೊಂಡೆ. ಬಾಯಿ ಮುಚ್ಚಿಕೊಂಡಿದ್ದರೆ ಮುದ್ರೆ ನನ್ನದೇ ಎಂಬ ಯೋಚನೆಯೂ ಬಂತು, ಸುಳ್ಳೇಕೆ ಹೇಳಲಿ.

ಸಭೆಯಲ್ಲಿ ಎದ್ದು ನಿಂತು, ಮೂರು ದಿನ ಹಬೆಯಲ್ಲಿಟ್ಟು ತೆಗೆದ ಹಲಗೆಯನ್ನೇ ಪರೀಕ್ಷಿಸಬೇಕೆಂದು ನಿಯಮಕ್ಕೆ ಸೇರಿಸಿ ಎಂದೆ. ಗೌರೀಶ್ ಕನ್ನಡಕ ತೆಗೆದರು.

"ನಿಮ್ಮ ಹಲಗೆ ಪಾಸಾಗುತ್ತಾ ಮೇಡಂ?"

"ಇಲ್ಲ. ಆದ್ರೂ ಬರ್ಕೊಳ್ಳಿ. ಪಾಸಾಗೋದನ್ನ ನಾನು ಮಾಡ್ತೀನಿ."

ಬರೆದುಕೊಂಡರು. ಹೊಸ ನಿಯಮದಲ್ಲಿ ಮೊದಲು ಫೇಲಾದದ್ದು ನನ್ನ ಹಲಗೆಯೇ. ಚಲುವಯ್ಯನವರ ಬ್ಯಾರನ್ನಿನಿಂದ ಹಳೆಯವನ್ನು ಕಿತ್ತು ತಂದೆ. ಹೊಟ್ಟಿಗೆ ಬೆರೆಸುವ ಅಂಟು ಬದಲಾಯಿಸಿದೆ, ಮತ್ತೆ ಎರಡು ಸಲ ಸೋತೆ. ಆ ಸಭೆಯಾದ ಹತ್ತನೇ ತಿಂಗಳಲ್ಲಿ ಹಬೆ ಕುಡಿಸಿದ ಹೊಸ ಹಲಗೆಯನ್ನು ಸಮಿತಿಯ ಮೇಜಿನ ಮೇಲಿಟ್ಟೆ. ನನ್ನ ಹಟಕ್ಕೆ ಚಲುವಯ್ಯನವರೂ ಬಂದಿದ್ದರು. ಪರೀಕ್ಷೆಯ ಅಂಕಿ ಸರಿಯಾಗಿಯೇ ಇತ್ತು. ಆದರೂ ಗೌರೀಶ್ ಸಹಿ ಹಾಕುವ ಮೊದಲು ಅವರ ಕಡೆ ನೋಡಿದರು.

ಚಲುವಯ್ಯ ಎದ್ದು ಬಂದು ನಾಲ್ಕೂ ಮೂಲೆ ಒತ್ತಿದರು. ನಡುವೆ ಮೈಭಾರವನ್ನೆಲ್ಲ ಬಿಟ್ಟು ಒತ್ತಿದರು.

"ಈಗ ಎಲ್ರ ಮುಂದೂ ಯೋಳ್ಬೋದು ಕಣವ್ವ," ಎಂದರು. "ಬೆರಳು ಇಳೀತಿಲ್ಲ."