ನಾಗಶ್ರೀಯ ರಕ್ತದಲ್ಲಿ ಕೊಲೆಗಾರರು

ನಮ್ಮ ಅಣ್ಣನ ಸೊಸೆ ನಾಗಶ್ರೀಗೆ ಎರಡು ಸಲ ಬಸಿರು ನಿಲ್ಲಲಿಲ್ಲ. ಮೂರನೆಯದಕ್ಕೆ ಏಳು ವಾರ ತುಂಬಿದಾಗ ಯಾವುದೋ ಲ್ಯಾಬಿನ ರಿಪೋರ್ಟು ಬಂತು. ಇಂಗ್ಲಿಷ್ ಓದುವುದರಲ್ಲಿ ಹೊಳಲ್ಕೆರೆ ತಾಲ್ಲೂಕಿನಲ್ಲೇ ನನ್ನನ್ನು ಮೀರಿಸಿದವರಿಲ್ಲ. ರಕ್ತದಲ್ಲಿ ನ್ಯಾಚುರಲ್ ಕಿಲ್ಲರ್ ಕಣಗಳು ಹೆಚ್ಚಿವೆ, ಅಂದರೆ ಹುಟ್ಟಾ ಕೊಲೆಗಾರರು ಎಂದು ಓದಿ ಹೇಳಿದೆ. ಅಷ್ಟೇ ಹೇಳಿದ್ದು. ಅತ್ತಿಗೆ ಬರಗೇರಮ್ಮ ಅದನ್ನು ಚಿಕ್ಕಜಾಜೂರಿಗೆಲ್ಲ ಹಂಚಿದರು. ಜಂಕ್ಷನ್ನಿನ ರೈಲುಗಳೂ ಕೇಳಿಸಿಕೊಂಡೇ ಹೊರಟವು.

ಆ ಕಣಗಳನ್ನು ಅಡಗಿಸುವ ಡ್ರಿಪ್ ಹಾಕಿಸಿ ಎಂದಿದ್ದರು ಲ್ಯಾಬಿನವರು. ಹಾಕಿಸದಿದ್ದರೆ ಈ ಕೂಸೂ ಹೋಗುತ್ತದೆ ಎಂದು ಅತ್ತಿಗೆಯ ಹಟ. ಡಾಕ್ಟರನ್ನು ಕೇಳದೆ ಒಲ್ಲೆ ಎಂದು ನಾಗಶ್ರೀ. ನಾಲ್ಕು ದಿನ ಕೇಳಿ ಕೇಳಿ ಕಿವಿ ಸವೆದು ಹೋಗಿ, ನಾನೇ ಇಬ್ಬರನ್ನೂ ಚಿತ್ರದುರ್ಗದ ಡಾಕ್ಟರ್ ಜಯಶೀಲಾ ಹತ್ತಿರ ಕರೆದೊಯ್ದೆ.

ಅವರು ತಾಳ್ಮೆಯಿಂದ ಬಿಡಿಸಿ ಹೇಳಿದರು. ರಕ್ತದಲ್ಲಿ ತಿರುಗುವ ಕಣಗಳು ಒಂದು ಬಗೆ. ಎದುರು ಸಿಕ್ಕ ಜೀವಕೋಶದ ಮೇಲೆ 'ನಮ್ಮದು' ಎಂಬ ಗುರುತು ಮಾಸಿ, ಕೆಟ್ಟಿರುವ ಸುಳಿವೂ ಕಂಡರೆ ಕೆರಳಿ ಕೊಲ್ಲುತ್ತವೆ. ಗರ್ಭಕೋಶದವು ಇನ್ನೊಂದು ಬಗೆ. ಕೂಸಿನ ಕಡೆಯ ಕೋಶಗಳು ಬಂದು ತಾಗಿದಾಗ ಎಚ್ಚೆತ್ತು, ಕೊಲ್ಲುವ ಬದಲು ರಕ್ತನಾಳಗಳನ್ನು ಅಗಲಿಸಲು ನೆರವಾಗುತ್ತವೆ. ತೋಳಿನ ರಕ್ತ ತೆಗೆದು ಎಣಿಸಿದರೆ ಒಳಗಿನವುಗಳ ಸಂಗತಿ ತಿಳಿಯುವುದಿಲ್ಲ.

ಅತ್ತಿಗೆಯ ಮುಖ ಕಲ್ಲಾಗಿಯೇ ಇತ್ತು. ಹತ್ತು ಸಾವಿರ ಕುರಿ ಕಾಯ್ದ ನಾನು ಸುಮ್ಮನಿರಲಾದೀತೇ? "ನೋಡ್ರಿ ಅತ್ತಿಗೆ, ನಮ್ ನಾಯಿ ಕರಿಯ ಇದಾನಲ್ಲ, ಗುರುತಿಲ್ಲದ ಕುರಿ ಹಟ್ಟಿಗೆ ನುಗ್ಗಿದ್ರೆ ಕಚ್ತಾನೆ. ಕೆಂಚಿ ಈದ ಕುರಿ ಮಗ್ಗುಲಲ್ಲೇ ಮಲಗಿ ಮರಿ ಕಾಯ್ತಾಳೆ. ಎರಡೂ ನಾಯೇ."

"ಕೆಂಚಿ ಹೋದ್ ವರ್ಷ ಎರಡು ಮರಿ ತಿಂದಿತ್ತಲ್ಲೋ ರಂಗಯ್ಯ."

ಡಾಕ್ಟರು ಪೆನ್ನು ಕೆಳಗಿಟ್ಟರು.

"ಚಿಕ್ಮಾವ, ನಿಮ್ ನಾಯಿ ಸುದ್ದಿ ಬಿಡ್ರಿ ಸಾಕು," ಎಂದಳು ನಾಗಶ್ರೀ. ಆಮೇಲೆ ಡಾಕ್ಟರ ಕಡೆ ತಿರುಗಿ, "ಡ್ರಿಪ್ ಬ್ಯಾಡ ಅಂದ್ರೆ ಕೂಸು ಉಳಿತೈತಾ ಮೇಡಂ?"

"ಉಳಿಯುತ್ತೆ ಅಂತ ಬರೆದು ಕೊಡಕ್ಕಾಗಲ್ಲಮ್ಮ. ಡ್ರಿಪ್‌ನಿಂದ ಉಳಿಯುತ್ತೆ ಅನ್ನೋಕೂ ಆಧಾರ ಇಲ್ಲ, ನಿಂಗೇ ತೊಂದರೆ ಆಗಬಹುದು. ಮೊದಲು ಸ್ಕ್ಯಾನ್ ಮಾಡಾಣ."

ಇಷ್ಟು ದೂರ ಕರೆತಂದ ನನ್ನನ್ನೇ ಹೊರಗೆ ಕೂರಿಸಿದರು. ಒಂದು ಯುಗ ಕಳೆದ ಮೇಲೆ ಅತ್ತಿಗೆ ಸೊಸೆಯ ಕೈ ಹಿಡಿದುಕೊಂಡು ಬಂದರು.

"ಕೂಸಿನ ಗುಂಡಿಗೆ ಬಡ್ಕಂತೈತೆ ಕಣೋ. ನಾನೇ ನೋಡ್ದೆ. ಡ್ರಿಪ್ಪೂ ಬ್ಯಾಡ, ಏನೂ ಬ್ಯಾಡ."

ನಾನು ಮೊದಲೇ ಹೇಳಿದ್ದೆ ಎಂದೆ. ಇಬ್ಬರೂ ಒಟ್ಟಿಗೇ ತಿರುಗಿ ನನ್ನನ್ನು ನೋಡಿದ ನೋಟಕ್ಕೆ ಕೋಟೆಯ ಬಂಡೆಯೇ ಸೀಳಿಹೋಗಬೇಕಿತ್ತು. ಬಸ್ಸಿನಲ್ಲಿ ಊರು ಬರುವವರೆಗೂ ಅವರಿಬ್ಬರೂ ಒಂದೇ ಸೀಟು, ನಾನು ಹಿಂದೆ.