ಪಕ್ಕದ ಕೋಣೆಯ ನಗು

ಗೋಡೆಯಾಚೆ ಮತ್ತೆ ನಗುವಿನ ಅಲೆ ಎದ್ದಿತು. ಫ್ರೆಂಚ್ ಮೇಷ್ಟ್ರು ಬೋರ್ಡಿನ ಮೇಲಿನ ಕ್ರಿಯಾಪದವನ್ನು ಅರ್ಧಕ್ಕೇ ಬಿಟ್ಟು ಕಿವಿ ನಿಮಿರಿಸಿದರು. ಇಪ್ಪತ್ತೆಂಟು ವರ್ಷಗಳಲ್ಲಿ ಅವರ ತರಗತಿಯಲ್ಲಿ ಯಾರೂ ಹಾಗೆ ನಕ್ಕಿರಲಿಲ್ಲ. ನಗುವುದಕ್ಕೆ ಅವರು ಬಿಟ್ಟೂ ಇರಲಿಲ್ಲ ಅನ್ನಿ.

ಪಕ್ಕದ ಕೋಣೆಯ ಹೊಸ ಫ್ರೆಂಚ್ ಟೀಚರಿಗೆ ಪಾಠವೆಂದರೆ ಆಟ. ಚೆಂಡೆಸೆತ, ಚಿತ್ರದ ಕಾರ್ಡು, ಸುಳ್ಳುಸುಳ್ಳೇ ಅಂಗಡಿ. ಆದರೂ ಆಕೆಯ ಮಕ್ಕಳು ಅರ್ಧವಾರ್ಷಿಕದಲ್ಲಿ ಮೇಷ್ಟ್ರ ಮಕ್ಕಳನ್ನು ಮೀರಿಸಿದ್ದರು. ಮುಂದಿನ ವರ್ಷ ಹತ್ತನೇ ತರಗತಿಯೂ ಆಕೆಗೇ ಎಂಬ ಸುದ್ದಿಯಿತ್ತು. ಅದೂ ಹೋದರೆ ಮೇಷ್ಟ್ರಿಗೆ ಉಳಿಯುವುದು ಲೈಬ್ರರಿಯ ಬೀಗದ ಕೈ ಮಾತ್ರ.

"ಆಡ್ತಾ ಆಡ್ತಾ ಭಾಷೆ ಬರೋದಾಗಿದ್ರೆ ನಾವೆಲ್ಲ ಯಾಕ್ರೀ ಓದಿ ಓದಿ ಕಣ್ಣು ಕಳ್ಕೋತಿದ್ವಿ? ಪ್ರಶ್ನೆ ಮೊದಲೇ ಹೇಳ್ಕೊಟ್ಟಿದಾಳೆ. ಆ ಕಾರ್ಡಲ್ಲೇ ಇದೆ ಮರ್ಮ" ಎಂದರು, ಲೆಕ್ಕದ ಮೇಷ್ಟ್ರ ಹತ್ತಿರ.

"ಹಂಗಾದ್ರೆ ಹೋಗಿ ನೋಡ್ಬಿಡಿ ಸಾರ್. ದೂರು ಬರೆಯೋಕೂ ಕೈಲಿ ಏನಾದ್ರೂ ಇರ್ಬೇಕಲ್ಲ."

ಊಟದ ಬಿಡುವಿನಲ್ಲಿ ಮೇಷ್ಟ್ರು ಖಾಲಿಯಿದ್ದ ಪಕ್ಕದ ಕೋಣೆ ಹೊಕ್ಕರು. ಕಳ್ಳನ ಮನಸ್ಸು ಹುಳ್ಳುಳ್ಳಗೆ. ಬಾಗಿಲ ಕಡೆ ಒಂದು ಕಣ್ಣಿಟ್ಟೇ ಕಾರ್ಡುಗಳನ್ನು ತಿರುವಿದರು. ಕೊಡೆ, ಮೊಟ್ಟೆ, ಹಾಲಿನ ಬಾಟಲಿ. ಬರೀ ಚಿತ್ರ, ಹಿಂದೆಯೂ ಒಂದಕ್ಷರವಿಲ್ಲ. ಅವರ ಅನುಮಾನ ಇನ್ನೂ ಹೆಚ್ಚಿತು. ಇಷ್ಟು ಚೊಕ್ಕವಾಗಿ ಇಟ್ಟವಳು ಭಾರಿ ಚಾಲಾಕಿಯೇ ಇರಬೇಕು.

ಅಷ್ಟರಲ್ಲಿ ಗಂಟೆ ಹೊಡೆದು ಮಕ್ಕಳು ನುಗ್ಗಿದರು, ಹಿಂದೆಯೇ ಟೀಚರು.

"ಅಯ್ಯೋ, ಬನ್ನಿ ಸಾರ್! ನಮ್ಮ ಅಂಗಡಿಗೆ ಗಿರಾಕಿಗಳೇ ಕಡಿಮೆ."

ಅಂಗಡಿಯವಳಾಗಿ ಮೇಜಿನಾಚೆ ನಿಂತವಳು ಗೊಂಬೆ. ಎರಡು ವರ್ಷ ತಮ್ಮ ತರಗತಿಯಲ್ಲಿ ತುಟಿ ಬಿಚ್ಚಲಿಲ್ಲವೆಂದು ಆ ಹೆಸರಿಟ್ಟವರು ಮೇಷ್ಟ್ರೇ. ಅವಳೀಗ ಫ್ರೆಂಚಿನಲ್ಲಿ ಒಂದೇ ಉಸಿರಿಗೆ ಕೇಳಿದಳು: ಏನು ಕೊಡಲಿ ಸಾರ್? ಮೊಟ್ಟೆ ತಾಜಾ ಇವೆ, ಕೊಡೆಗೆ ಮಾತ್ರ ಸಣ್ಣ ತೂತು, ಪರವಾಗಿಲ್ಲವಾ?

ಮೇಷ್ಟ್ರಿಗೆ ಎರಡು ವ್ಯಾಕರಣದ ತಪ್ಪು ಸಿಕ್ಕಿದವು. ಆದರೆ ಕೊಡೆಯ ತೂತು ಯಾವ ಪ್ರಶ್ನೆಪತ್ರಿಕೆಯಲ್ಲೂ ಇರಲಿಲ್ಲ. ಉತ್ತರ ಕೊಡಲು ಬಾಯಿ ತೆರೆದರು. ಕ್ರಿಯಾಪದದ ರೂಪಗಳೆಲ್ಲ ಸಾಲಾಗಿ ಬಂದು ನಿಂತವು, ಮಾತು ಬರಲಿಲ್ಲ. ಇಷ್ಟು ವರ್ಷಗಳಲ್ಲಿ ಆ ಭಾಷೆಯಲ್ಲಿ ಅವರನ್ನು ಯಾರೂ ಏನನ್ನೂ ಕೇಳಿರಲೇ ಇಲ್ಲ.

"ಔಟ್!" ಎಂದು ಮಕ್ಕಳು ಕೂಗಿದರು.

ಗೊಂಬೆ ನಗಲಿಲ್ಲ. ಮೇಜಿನ ಮೇಲಿಂದ ಬಾಗಿ ಮೆಲ್ಲಗೆ ಹೇಳಿದಳು: "ಮೊದ್ಲು ನಂಗೂ ಬರ್ತಿರ್ಲಿಲ್ಲ ಸಾರ್. ಹಿಂದಿನ ಬೆಂಚಲ್ಲಿ ಕೂತಿರಿ, ಮುಂದಿನ ಸುತ್ತಿಗೆ ಕರೀತೀನಿ."

ಹಿಂದಿನ ಬೆಂಚಿನಲ್ಲಿದ್ದ ಇಬ್ಬರು ಸರಿದು ಜಾಗ ಕೊಟ್ಟರು. ಮೇಷ್ಟ್ರು ಮೊಣಕಾಲು ಮಡಚಿಕೊಂಡು ಅವರ ನಡುವೆ ಕೂತರು.