ಉಪಚಾರದ ಲೋಟ

"ಮಾವ, ನಿಜ ಹೇಳು, ಆ ಬೆಂಚು ಮೆತ್ತಗಿತ್ತಾ?"

ತಂಗಿಯ ಮಗಳು ಸುಮೇಲಾ ಹೀಗೆ ಕೇಳಿದಾಗ ಅನೆಸ್ತಿಸ್ ಹುರಿದ ಮೀನಿನ ಮುಳ್ಳು ಬಿಡಿಸುತ್ತಿದ್ದ. ಊಟದ ಮೇಜಿನ ಸುತ್ತ ನಗೆ ಎದ್ದಿತು. ಅವನೂ ನಕ್ಕ. ಕಡಲತೀರದ ಕವಾಲಾ ಊರಿನಲ್ಲಿ ಒಂದು ವಾರದಿಂದ ಅವನ ಮುಖ್ಯ ಉದ್ಯೋಗವೇ ಅದಾಗಿತ್ತು: ಬೇರೆಯವರ ಜೊತೆ ತಾನೂ ನಗುವುದು.

ಹಿಂದಿನ ಭಾನುವಾರ ಬೆಳಗಿನ ಪೂಜೆಗೆ ಬಂದ ಹೆಂಗಸರು ಅವನನ್ನು ಚರ್ಚಿನ ಅಂಗಳದ ಬೆಂಚಿನ ಮೇಲೆ ಕಂಡಿದ್ದರು. ಒಂದು ಕಾಲಿನಲ್ಲಿ ಶೂ ಇರಲಿಲ್ಲ. ಊರಿನ ಅರ್ಧ ಜನಕ್ಕೆ ಕಾರು ಕಲಿಸಿದ ಮೇಷ್ಟ್ರು, 'ಕನ್ನಡಿ ನೋಡು, ಇನ್ನೊಂದು ಸಲ ನೋಡು, ಆಮೇಲೆ ತಿರುಗಿಸು' ಎಂದು ಗಂಟಲು ಹರಿದುಕೊಂಡವನು. ಕುಡಿದದ್ದು ಹೆಚ್ಚಾಗಿ ಬಿದ್ದಿದ್ದಾನೆ ಎಂದು ಊರು ತೀರ್ಮಾನಿಸಿತು. ಅವನು ತಿದ್ದಲು ಹೋಗಲಿಲ್ಲ. ವಾಚು, ಫೋನು ಎಲ್ಲಿ ಎಂದು ತಂಗಿ ಪೆಲಾಗಿಯಾ ಕೇಳಿದರೆ "ಸಮುದ್ರಕ್ಕೆ ಬಿತ್ತು" ಎಂದ. ಕುಡುಕನಾದರೆ ಗಂಡಸರು ಬೆನ್ನು ತಟ್ಟುತ್ತಾರೆ. ಮೋಸಹೋದವನ ಬೆನ್ನು ತಟ್ಟಿದವರನ್ನು ಅವನು ಕಂಡಿರಲಿಲ್ಲ.

"ಇವತ್ತು ಸಂಜೆ ನಾವೂ ನೀನು ಕುಡಿದ ಬಾರ್‌ಗೇ ಹೋಗ್ತಿದೀವಿ," ಎಂದಳು ಸುಮೇಲಾ. "ಗೆಳತಿಯ ಹುಟ್ಟುಹಬ್ಬ. ಅಲ್ಲಿ ಬಿಳಿ ಕೋಟು ಹಾಕ್ಕೊಂಡ ಒಬ್ಬ ಯಜಮಾನರು ಬರ್ತಾರಂತೆ, ಯಾರು ಕೂತಿದ್ರೂ ತಾವೇ ಲೋಟ ತಂದು ಉಪಚಾರ ಮಾಡ್ತಾರಂತೆ. ಪುಣ್ಯಾತ್ಮ!"

ಅನೆಸ್ತಿಸನ ಬೆರಳುಗಳು ಮೀನಿನ ಮೇಲೆ ನಿಂತವು.

"ಯಾರೋ ಕೊಟ್ಟಿದ್ದನ್ನ ಕುಡೀಬೇಡ," ಎಂದಳು ಪೆಲಾಗಿಯಾ. "ಲೋಟ ಕಣ್ಣೆದುರಿಗೇ ಇರ್ಲಿ. ಎದ್ದು ಹೋಗಿ ಬಂದ್ಯೋ, ಅದನ್ನ ಮುಟ್ಟಬೇಡ, ಬೇರೆ ತರಿಸ್ಕೋ."

"ಅಮ್ಮಾ, ಪುರಾಣ ಶುರು ಮಾಡ್ಬೇಡ."

"ಬಿಡೇ, ನಮ್ಮ ಹುಡುಗಿಗೆ ಬುದ್ಧಿ ಇದೆ," ಎಂದ ಪೆಲಾಗಿಯಾಳ ಗಂಡ ಪಸ್ಕಾಲಿಸ್. "ಆ ಫೋತಿನಿ ಥರ ಅಲ್ಲ. ಭಾವ, ಅವಳ ವಿಷಯಕ್ಕೆ ನೀವು ಏನೋ ಹೇಳಿದ್ರಲ್ಲ? ಹಾಂ! 'ಕಣ್ಮುಚ್ಚಿ ಗಾಡಿ ಓಡಿಸಿ, ಕಂಬಾನೇ ಅಡ್ಡ ಬಂತು ಅಂದ್ಳಂತೆ.'"

ಹೌದು, ಹೇಳಿದ್ದ, ಇದೇ ಕುರ್ಚಿಯಲ್ಲಿ ಕೂತು. ಹೋದ ಚಳಿಗಾಲದಲ್ಲಿ ಸುಮೇಲಾಳ ಗೆಳತಿ ಫೋತಿನಿ, ತನ್ನ ಲೋಟಕ್ಕೆ ಯಾರೋ ಏನೋ ಬೆರೆಸಿದ್ದರೆಂದು ಪೊಲೀಸರ ಬಳಿ ಹೋಗಿದ್ದಳು. ಅನೆಸ್ತಿಸನ ಮಾತಿನಲ್ಲಿ ಚಮತ್ಕಾರವಿತ್ತು, ಹಾಗಾಗಿ ಅದಕ್ಕೆ ಕಾಲು ಬಂದು ಊರೆಲ್ಲ ಸುತ್ತಿ ಫೋತಿನಿಯ ಮನೆಯನ್ನೂ ಮುಟ್ಟಿತು. ಆ ಹುಡುಗಿ ಹೊರಗೆ ಬರುವುದನ್ನೇ ಬಿಟ್ಟಳು. ಅವನೇ ಕಾರು ಕಲಿಸಿದ ಹುಡುಗಿ. ತಿರುವಿಗೆ ಮುಂಚೆ ಎರಡು ಸಲ ಕನ್ನಡಿ ನೋಡುತ್ತಿದ್ದವಳು.

"ಇವತ್ತು ಹೋಗ್ಬೇಡ," ಎಂದ ಅನೆಸ್ತಿಸ್. "ಮಳೆ ಬರೋ ಹಾಗಿದೆ."

"ಆಗಸ್ಟಲ್ಲಾ? ಈ ಸುಡು ಬೇಸಿಗೆಯಲ್ಲಾ?"

"ಆ ಜಾಗ ಸರಿಯಿಲ್ಲ."

"ಜಾಗ ಸರಿಯಿದೆ ಮಾವ, ನಿನ್ನ ಕಾಲು ಸರಿಯಿರ್ಲಿಲ್ಲ." ಅವಳು ನಗುತ್ತ ತಟ್ಟೆ ಎತ್ತಿಕೊಂಡು ಎದ್ದಳು.

ಬಾಯಲ್ಲಿ ಬಿಸಿತುಪ್ಪ. ಇನ್ನೊಂದು ಸುಳ್ಳು ಸಿಗುವುದೇನೋ ಎಂದು ಅವನು ಮನಸ್ಸಿನಲ್ಲಿ ತಡಕಾಡಿದ. ಸುಮೇಲಾ ಅಡುಗೆಮನೆಯ ಬಾಗಿಲಿಗೆ ಹೋಗಿಯಾಗಿತ್ತು.

"ನಾನು ಕುಡಿದು ಬಿದ್ದಿರ್ಲಿಲ್ಲ," ಎಂದ.

ಎಲ್ಲರೂ ಅವನತ್ತ ತಿರುಗಿದರು.

"ಅದೇ ಬಿಳಿ ಕೋಟಿನವನು. ಒಂದೇ ಲೋಟ. ಅವನೇ ಕೈಯಾರೆ ತಂದುಕೊಟ್ಟ. ಕಹಿಯಿತ್ತು."

"ಕಹಿಯಿದ್ರೆ ಇಟ್ಟುಬಿಡೋದು ತಾನೆ!" ಎಂದ ಪಸ್ಕಾಲಿಸ್.

"ಉಪಚಾರ ಅಂತ ಕೊಟ್ಟಿದ್ದನ್ನ ಅರ್ಧಕ್ಕೆ ಇಡೋಕಾಗುತ್ತೇನೋ?"

ಬೇರೆಯವರು ಕಳಿಸಿದ ಲೋಟವನ್ನು ಎತ್ತಿ, ಹರಸಿ, ತಳ ಕಾಣುವವರೆಗೆ ಕುಡಿಯುವುದನ್ನು ಆ ಮೇಜಿನ ಗಂಡಸರಿಬ್ಬರಿಗೂ ಅವರಪ್ಪಂದಿರೇ ಕಲಿಸಿದ್ದರು. ಯಾಕೆ ಕಳಿಸಿದೆ ಎಂದು ಕೇಳುವುದು ಅಲ್ಲಿ ಉಗಿದಷ್ಟೇ ಅವಮಾನ.

"ಆಮೇಲೆ?" ಸುಮೇಲಾ ಕೇಳಿದಳು.

"ಆಮೇಲಿಂದು ಗೊತ್ತಿಲ್ಲ." ಅವನು ಮೀನಿನ ಮುಳ್ಳುಗಳನ್ನು ತಟ್ಟೆಯ ಅಂಚಿಗೆ ಸಾಲಾಗಿ ಸರಿಸಿದ. "ಎಚ್ಚರ ಆದಾಗ ಅಂಗಿಯ ಗುಂಡಿ ತಪ್ಪುತಪ್ಪಾಗಿ ಹಾಕಿತ್ತು. ನಾನು ಹಾಗೆ ಹಾಕ್ಕೊಳ್ಳೋನಲ್ಲ. ಯಾರು ಬಿಚ್ಚಿದ್ರು, ಯಾರು ಹಾಕಿದ್ರು, ನಂಗೆ ಗೊತ್ತಿಲ್ಲಮ್ಮ."

"ಐವತ್ತೈದರ ಗಂಡಸಿಗೆ..." ಎಂದು ಪಸ್ಕಾಲಿಸ್ ನಗಲು ಹೊರಟ. ಜೊತೆಗೆ ಯಾರೂ ಬರಲಿಲ್ಲ. ನಗೆ ಕೆಮ್ಮಾಯಿತು. ಪೆಲಾಗಿಯಾ ಕಲ್ಲಂಗಡಿ ತರಲೆಂದು ಒಳಗೆ ಹೋದಳು. ಬರಿಗೈಯಲ್ಲಿ ಬಂದು ಅಣ್ಣನ ಪಕ್ಕದಲ್ಲಿ ಕೂತಳು.

"ಪೊಲೀಸರಿಗೆ ಹೇಳಿದ್ಯಾ?" ಸುಮೇಲಾಳ ದನಿಯಲ್ಲಿ ತಮಾಷೆ ಇರಲಿಲ್ಲ.

"ಏನಂತ ಹೇಳ್ಲಿ? ನಗ್ತಾರೆ."

"ಹೂಂ. ನಗ್ತಾರೆ. ಅವಳನ್ನ ನೋಡೀನೂ ನಕ್ಕಿದ್ರು."

ಅವನು ತಲೆ ಎತ್ತಲಿಲ್ಲ. ಸುಮೇಲಾ ಗೆಳತಿಯರಿಗೆಲ್ಲ ಅವಸರವಸರವಾಗಿ ಫೋನು ಮಾಡಿ, ಆ ಬಾರಿಗೆ ಕಾಲಿಡಬೇಡಿ, ಯಾಕೆಂದು ಆಮೇಲೆ ಹೇಳುತ್ತೇನೆ ಎಂದಳು. ಕೊನೆಗೆ ಇನ್ನೊಂದು ನಂಬರು ಒತ್ತಿ ಫೋನನ್ನು ಅವನತ್ತ ಚಾಚಿದಳು.

"ನಾಳೆ ಠಾಣೆಗೆ ನಾನೂ ಬರ್ತೀನಿ. ಮೊದ್ಲು ಇವಳ ಹತ್ರ ಮಾತಾಡು."

"ಯಾರು?"

"ಯಾರು ಅಂತ ನಿಂಗೊತ್ತು."

ಅವನು ಎಣ್ಣೆಗೈಯನ್ನು ಪ್ಯಾಂಟಿಗೆ ಒರೆಸಿಕೊಂಡ. ಫೋನು ಕಿವಿಗಿಟ್ಟುಕೊಂಡು ಕಿಟಕಿಯ ಹತ್ತಿರ ಹೋದ. ಆ ತುದಿಯಲ್ಲಿ ಪಾತ್ರೆ ತೊಳೆಯುವ ಸದ್ದು, "ಹೇಳೇ ಸುಮೇಲಾ" ಎಂಬ ಹುಡುಗಿಯ ದನಿ.

"ಸುಮೇಲಾ ಅಲ್ಲಮ್ಮ," ಎಂದ. "ನಾನು ಅನೆಸ್ತಿಸ್. ಕಾರು ಕಲಿಸಿದವನು. ಆ ಕಂಬದ ಮಾತು ಆಡಿದವನು."

ಆಕೆ ಫೋನು ಇಡಲಿಲ್ಲ. ಸ್ವಲ್ಪ ಹೊತ್ತು ನೀರು ಹರಿಯುತ್ತಲೇ ಇತ್ತು. ಆಮೇಲೆ ಅವನ ಮಾತು ಕೇಳಿಸಲೆಂಬಂತೆ ಅವಳು ನಲ್ಲಿ ನಿಲ್ಲಿಸಿದಳು.